ಕೆಡದೆ ಉಳಿದ ಚೂರು

"ಈ ಫೋಟೊದಾಗೆ ಹಸಿರು ಅಂಕಿ ಎಲ್ಲೈತೆ, ತೋರ್ಸಪ್ಪ."

ವಾಣಿಶ್ರೀ ತನ್ನ ಮೊಬೈಲನ್ನು ಮೇಜಿನ ಮೇಲೆ ಅಶ್ವಥ್‌ನ ಕಡೆಗೆ ತಿರುಗಿಸಿದಳು. ಹೋದ ತಿಂಗಳ ಆಯುಧಪೂಜೆಯ ಚಿತ್ರ. ಆವರಗೆರೆಯ ಅಂಚಿನ ಇದೇ ಪ್ರಯೋಗಾಲಯ, ಇದೇ ಕೋಣೆ. ಆಳೆತ್ತರದ ಫ್ರೀಜರಿನ ಮೈಗೆ ಮೂರೆಳೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಅಕ್ಕಪಕ್ಕ ಬಾಳೆಕಂದು. ಮುಂದೆ ನಗುತ್ತ ನಿಂತ ಸಿಬ್ಬಂದಿ.

"ಬೆಳಕಿಗೆ ಕಾಣ್ತಿಲ್ಲ ಮೇಡಂ."

"ಪಕ್ಕದ ಯಂತ್ರದ ದೀಪನೂ ಕಾಣ್ತಿಲ್ಲ. ಆಚೆ ಕಂಪ್ಯೂಟರಿಂದೂ ಕಾಣ್ತಿಲ್ಲ. ಬೆಳಕು ಎಲ್ಲದರ ಮೇಲೂ ಒಂದೇ ಸಲ ಮುನಿಸ್ಕೊಂಡೈತೇನು?"

ಅಶ್ವಥ್‌ನ ಬೆನ್ನ ಹಿಂದೆ ಅದೇ ಫ್ರೀಜರು ಗುಂಯ್‌ಗುಡುತ್ತಿತ್ತು. ಅದರ ಹಣೆಯಲ್ಲಿ ಹಸಿರು ಅಂಕಿ ಬೆಳಗುತ್ತಿತ್ತು: ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ.

ಹರಿಹರದ ಕಸ್ತೂರಮ್ಮನ ಎದೆಯ ಗಂಟಿನ ವರದಿ ನಿಜವಾಗಿ ಅವರದ್ದೇ ಹೌದೋ ಅಲ್ಲವೋ ಎಂಬುದನ್ನು ಪತ್ತೆ ಮಾಡಿಕೊಡಿ ಎಂದು ಅವರ ಮಗ ಗಣೇಶ ವಾಣಿಶ್ರೀಯನ್ನು ಕೇಳಿಕೊಂಡು ಎರಡು ವಾರವಾಗಿತ್ತು. ವಿಮಾ ಕಂಪನಿಯ ಕ್ಲೇಮುಗಳ ತನಿಖೆ ಮಾಡಿ ಮಾಡಿ, ಕೊನೆಗೆ ಅದನ್ನು ಬಿಟ್ಟು ದಾವಣಗೆರೆಯಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ಅವಳು. ಸುಳ್ಳು ಹೇಳುವವರು ಮೊದಲು ಬೆಳಕನ್ನು ದೂರುತ್ತಾರೆ, ಆಮೇಲೆ ನೆನಪನ್ನು ದೂರುತ್ತಾರೆ ಎಂಬುದು ಅವಳ ಅನುಭವ.

ಗಂಟು ತೆಗೆದದ್ದು ಹರಿಹರದ ಒಂದು ನರ್ಸಿಂಗ್ ಹೋಮಿನಲ್ಲಿ, ನವರಾತ್ರಿಗೆ ಮುಂಚೆ. ಅದರ ಒಂದು ಚೂರು ಸಂಶೋಧನೆಗೆಂದು ಇಲ್ಲಿಗೆ ಬಂತು. ಹಬ್ಬ ಕಳೆದ ಮೇಲೆ ವರದಿ ಹೋಯಿತು: ಹರಡುವ ಭಯ ಕಡಿಮೆ, ಕೀಮೊ ಬೇಡ. ಆದರೆ ಗಂಟು ತೆಗೆದ ಡಾಕ್ಟರು ಗಣೇಶನ ಹತ್ತಿರ, "ಕಣ್ಣಿಗೆ ಅದು ಒಳ್ಳೇದಾಗಿ ಕಾಣ್ಲಿಲ್ಲಪ್ಪ" ಅಂದಿದ್ದರು. ಎರಡರಲ್ಲಿ ಒಂದು ಸುಳ್ಳು. ವರದಿಯೇ ಸುಳ್ಳಾದರೆ ಕಸ್ತೂರಮ್ಮನ ಮೈಯೊಳಗೆ ರೋಗ ಸದ್ದಿಲ್ಲದೆ ನಡೆಯುತ್ತಿದೆ ಎಂದೇ ಅರ್ಥ. ಕೀಮೊ ಶುರುವಾಗುವುದಾದರೆ ಈ ಕಾರ್ತಿಕ ಕಳೆಯುವುದರೊಳಗೆ ಆಗಬೇಕು.

ಅಶ್ವಥ್ ಇಲ್ಲಿಯ ಟೆಕ್ನಿಷಿಯನ್. ಅಷ್ಟೇ ಆಗಿದ್ದರೆ ವಾಣಿಶ್ರೀ ಇಷ್ಟು ಹೊತ್ತು ಅವನ ಮುಖ ನೋಡುತ್ತ ಕೂರುತ್ತಿರಲಿಲ್ಲ. ಕಸ್ತೂರಮ್ಮನ ಮಗಳು ಕೀರ್ತನಾಗೆ ಗೊತ್ತು ಮಾಡಿರುವ ಗಂಡು ಅವನು. ಮಾಘದಲ್ಲಿ ಮದುವೆ.

ಬಾಗಿಲು ತಳ್ಳಿಕೊಂಡು ಡಾಕ್ಟರ್ ಬಸವಕಿರಣ್ ಒಳಗೆ ಬಂದರು. ಈ ಸಂಶೋಧನೆಯ ಮುಖ್ಯಸ್ಥರು. ಕೈಯಲ್ಲಿ ಲ್ಯಾಪ್‌ಟಾಪು ತೆರೆದೇ ಇತ್ತು.

"ಹೊರಗಿನ ಲ್ಯಾಬಿಗೆ ಕಳಿಸಿದ್ದರ ಉತ್ತರ ಬಂತು ವಾಣಿಶ್ರೀಯವರೆ," ಅಂದರು. "ಹಬ್ಬಕ್ಕೆ ಮುಂಚೆ ಈ ಫ್ರೀಜರಿನಾಗೆ ಇಟ್ಟಿದ್ದ ಎಲ್ಲ ಟ್ಯೂಬಿನ ಆರ್‌ಎನ್‌ಎ ಪುಡಿಪುಡಿ ಆಗೈತೆ. ಯಾವುದೂ ಪರೀಕ್ಷೆಗೆ ಬರೋ ಹಂಗಿಲ್ಲ. ಒಂದು ಬಿಟ್ಟು."

"ಕಸ್ತೂರಮ್ಮಂದು."

"ಹೌದ್ರಿ. ಅದು ಇವತ್ತು ತೆಗೆದಷ್ಟು ಚೆನ್ನಾಗೈತೆ."

"ಮತ್ತೆ ಒಳ್ಳೇದೇ ಆತಲ್ಲ ಸಾರ್," ಎಂದ ಅಶ್ವಥ್.

ವಾಣಿಶ್ರೀ ಅವನ ಕಡೆ ತಿರುಗಿದಳು. "ಒಂದು ಬುಟ್ಟಿ ಟೊಮ್ಯಾಟೊ ಪೂರ್ತಿ ಕೊಳೆತೈತೆ. ನಡುವೆ ಒಂದು ಮಾತ್ರ ತೊಟ್ಟು ಹಸಿರಾಗಿ ಕೂತೈತೆ. ಅದು ಗಟ್ಟಿ ಹಣ್ಣು ಅಂತೀಯೋ, ಆಮೇಲೆ ಯಾರೋ ತಂದಿಟ್ರು ಅಂತೀಯೋ?"

ಅಶ್ವಥ್ ಕುರ್ಚಿಯ ತುದಿಗೆ ಸರಿದ.

ಬಸವಕಿರಣ್ ಲ್ಯಾಪ್‌ಟಾಪು ಕೆಳಗಿಟ್ಟು ನಿಂತೇ ಮಾತಾಡಿದರು. ಇದನ್ನು ಅವರು ಎಷ್ಟೋ ಜನ ರೋಗಿಗಳಿಗೆ ಬಿಡಿಸಿ ಹೇಳಿದವರು.

"ಮೈಯಾಗಿನ ಪ್ರತಿ ಕಣದಾಗೂ ಆರ್‌ಎನ್‌ಎ ಇರ್ತದೆ. ಕೆಲವು ಸುದ್ದಿ ಒಯ್ದು ಪ್ರೋಟೀನ್ ಕಟ್ಟಿಸ್ತಾವೆ. ಇನ್ನು ಕೆಲವು ಏನನ್ನೂ ಕಟ್ಟಿಸಲ್ಲ. ಅವನ್ನ ಬಹಳ ಕಾಲ ಕಸ ಅಂತಲೇ ತಿಳ್ಕೊಂಡಿದ್ರು. ಅದರಾಗೆ ಹಾಟೇರ್ ಅಂತ ಒಂದು. ಅದರ ಕಸುಬು ಏನು ಗೊತ್ತೇನ್ರಿ? ಬೇರೆ ಜೀನುಗಳ ಬಾಯಿ ಮುಚ್ಚಿಸೋದು. ಕಣವನ್ನ ಅದರ ಜಾಗದಾಗೆ ಹಿಡಿದು ಕೂಡ್ರಿಸ್ತಾವಲ್ಲ, ಅಂಥ ಜೀನುಗಳ ಬಾಯಿ. ಅವು ಸುಮ್ಮನಾದ್ವು ಅಂದ್ರೆ ಎದೆಯಾಗಿನ ಗಂಟು ಅಲ್ಲೇ ನಿಲ್ಲಲ್ಲ. ಎಲುಬಿಗೆ ಹೊರಡ್ತದೆ, ಶ್ವಾಸಕೋಶಕ್ಕೆ ಹೊರಡ್ತದೆ."

"ತಾನು ಕೈ ಹಚ್ಚಲ್ಲ. ಬಾಯಿ ಮುಚ್ಚಿಸಿ ಕೆಲಸ ಮುಗಿಸ್ತದೆ."

"ಹಂಗೇ ಅನ್ನಿ. ಅದು ಗಂಟಿನಾಗೆ ಜಾಸ್ತಿ ಇದ್ರೆ ಹರಡೋ ಭಯ ಜಾಸ್ತಿ. ಕಸ್ತೂರಮ್ಮನ ಟ್ಯೂಬಿನಾಗೆ ಕಡಿಮೆ ಬಂತು. ಅದಕ್ಕೇ ನಮ್ಮ ಸಂಶೋಧನೆಯಾಗೆ ಅವರನ್ನ ಕೀಮೊ ಇಲ್ಲದ ಗುಂಪಿಗೆ ಹಾಕಿದ್ವಿ." ಅವರು ಅಶ್ವಥ್‌ನನ್ನು ನೋಡಿದರು. "ಈ ಆರ್‌ಎನ್‌ಎ ಬೆಣ್ಣೆಗಿಂತ ಬೇಗ ಕರಗೋ ಪದಾರ್ಥ. ಅದು ನಿನಗೆ ನಾನು ಹೇಳಿಕೊಡಬೇಕಾ? ಹಬ್ಬದ ದಿನ ಏನು ಮಾಡ್ದೆ?"

ಅಶ್ವಥ್ ಮೊಬೈಲನ್ನು ವಾಣಿಶ್ರೀಯ ಕಡೆಗೆ ಸರಿಸಿದ.

"ನಮ್ಮಪ್ಪಂದು ಹರಿಹರದಾಗೆ ಲೇತ್ ಶೆಡ್ಡು ಸಾರ್," ಎಂದ. "ಆಯುಧಪೂಜೆ ದಿನ ಒಂದು ಚಕ್ರ ತಿರುಗಿಸ್ತಿರಲಿಲ್ಲ. ಫ್ಯಾನು ಸೈತ ಹಚ್ಚಂಗಿರ್ಲಿಲ್ಲ. ದುಡಿಯೋ ಯಂತ್ರಕ್ಕೂ ಒಂದು ದಿನ ಉಸಿರು ಬಿಡಾಕೆ ಬಿಡ್ಬೇಕು, ಬನ್ನಿ ಮುಡಿದು ಬಂದ ಮೇಲೆ ಕಾಯಿ ಒಡೆದು ಶುರು ಮಾಡ್ಬೇಕು ಅಂತಿದ್ರು. ಪೂಜೆ ಜವಾಬ್ದಾರಿ ಈ ವರ್ಷ ನನಗೆ ಬಂತು. ಎಲ್ಲಾ ಸ್ವಿಚ್ಚು ತೆಗೆದೆ."

"ಇದರದ್ದೂ?"

"ಒಳಗೆ ಮಂಜು ಕಟ್ಟಿತ್ತು ಸಾರ್. ಕೊಳೆ ಇಟ್ಕೊಂಡು ಹೆಂಗೆ ಪೂಜೆ ಮಾಡೋದು? ಟ್ಯೂಬುಗಳ್ನ ಥರ್ಮೋಕೋಲ್ ಪೆಟ್ಟಿಗೆಯಾಗೆ ಐಸು ಹಾಕಿ ಇಟ್ಟು, ಒಳಗೆಲ್ಲ ಒರೆಸಿ, ವಿಭೂತಿ ಹಚ್ಚಿದೆ. ಮಾರನೇ ದಿನ ಬಂದು ನೋಡಿದ್ರೆ ಐಸೆಲ್ಲ ನೀರಾಗಿತ್ತು."

ಬಸವಕಿರಣ್ ಕನ್ನಡಕ ತೆಗೆದರು. ಅವರ ಬೈಗಳು ಹೊರಗೆ ಬರಲಿಲ್ಲ. "ಫ್ರೀಜರಿಗೆ ರಜಾ ಕೊಟ್ಟೆ," ಎಂದು ತಮಗೆ ತಾವೇ ಹೇಳಿಕೊಂಡರು. "ನಾನೂ ಅವತ್ತು ಇಲ್ಲೇ ನಿಂತು ಮಂಗಳಾರತಿ ತಗೊಂಡೆ."

"ಮತ್ತೆ ಆ ಒಂದು ಟ್ಯೂಬು?" ವಾಣಿಶ್ರೀ ದಾರ ಬಿಡಲಿಲ್ಲ.

"ಉಳಿದೋರದ್ದು ಕೆಟ್ಟೈತೆ ಅಂತ ಹೆಂಗೋ ಹೇಳ್ಬಹುದಿತ್ತು ಮೇಡಂ. ಅತ್ತೆ ಆಗೋರದ್ದು ಕೆಡಿಸ್ದೆ ಅಂತ ಯಾವ ಬಾಯಾಗೆ ಹೇಳ್ಲಿ? ಅಂಬಿಕಾ ಚಿಕ್ಕಮ್ಮ ಆ ನರ್ಸಿಂಗ್ ಹೋಮಿನಾಗೇ ಆಪರೇಷನ್ ಥಿಯೇಟರ್ ನರ್ಸು. ಅತ್ತೆಯ ತಂಗಿನೇ. ಅವರನ್ನ ಕೇಳ್ದೆ. ಇನ್ನೊಂದು ಚೂರು ತೆಗೆದಿಟ್ಟಿದ್ದೆ ಅಂತ ಕೊಟ್ರು. ಅದನ್ನೇ ಪರೀಕ್ಷೆ ಮಾಡ್ದೆ. ಇಷ್ಟೇ ಮೇಡಂ. ಬೇಕಾದ್ರೆ ಕೆಲಸದಿಂದ ತೆಗೀರಿ."

ಒಪ್ಪಿಗೆ ಸಲೀಸಾಗಿ ಬಂತು. ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಸಲೀಸಾಗಿ ಬಂತು ಎಂದು ವಾಣಿಶ್ರೀಗೆ ಅನ್ನಿಸಿತು.

"ಡಾಕ್ಟ್ರೆ, ಆ ನರ್ಸಿಂಗ್ ಹೋಮಿನಾಗೆ ಇಂಥ ಫ್ರೀಜರ್ ಐತೇನು?"

"ಇಲ್ರಿ. ಔಷಧಿ ಇಡೋ ಮಾಮೂಲಿ ಫ್ರಿಜ್ಜು. ಅದರಾಗೆ ಇಟ್ಟಿದ್ರೆ ಆ ಚೂರೂ ಇಷ್ಟೊತ್ತಿಗೆ ಕೆಟ್ಟಿರ್ತಿತ್ತು." ಬಸವಕಿರಣ್ ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿದರು. ಏನು ಹೇಳಿದೆ ಎಂಬುದು ಅವರಿಗೂ ಹೊಳೆಯಿತು.

ಹಳೆಯದನ್ನು ತೆಗೆದಿಟ್ಟಿರಲು ಸಾಧ್ಯವಿಲ್ಲ. ಆ ಚೂರು ಹಬ್ಬದ ಮೇಲೆ ಯಾರದೋ ಮೈಯಿಂದ ಹೊಸದಾಗಿ ಬಂದದ್ದು. ಹಬ್ಬದ ಮೇಲೆ ಕಸ್ತೂರಮ್ಮನ ಮೈಗೆ ಯಾರೂ ಕತ್ತಿ ಮುಟ್ಟಿಸಿಲ್ಲ.

"ಅವರ ರಕ್ತ ನಿಮ್ಮಲ್ಲಿ ಐತಲ್ಲ," ಎಂದಳು ವಾಣಿಶ್ರೀ. "ರಕ್ತ, ಚೂರು ಎರಡೂ ಒಬ್ಬರದ್ದೇನಾ ನೋಡೋಕೆ ಅವತ್ತೇ ಹೇಳಿದ್ದೆ."

"ಕಳಿಸೀನಿ. ಇವತ್ತೇ ಬರ್ಬೇಕು."

ಅಶ್ವಥ್ ತಲೆ ಎತ್ತಿದ. ಆ ಮುಖದಲ್ಲಿದ್ದದ್ದು ನಾಚಿಕೆಯೋ ಹೆದರಿಕೆಯೋ ವಾಣಿಶ್ರೀಗೆ ತಿಳಿಯಲಿಲ್ಲ. ಅವಳು ಕಾರಿನ ಕೀಲಿ ಎತ್ತಿಕೊಂಡಳು.

ಫೋನು ಬಂದದ್ದು ಹರಿಹರದ ಸೇತುವೆ ಕಾಣುವ ಹೊತ್ತಿಗೆ. ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

"ಕಸ್ತೂರಮ್ಮಂದಲ್ಲ," ಎಂದರು ಬಸವಕಿರಣ್. "ಆದ್ರೆ ಬೇರೆಯೋರದ್ದೂ ಅಲ್ಲ. ಡಿಎನ್‌ಎಯ ಪ್ರತಿ ಗುರುತಿನಾಗೂ ಅರ್ಧ ಅವರದ್ದೇ ಐತೆ. ಚೂರು ಹೆಣ್ಣಿನದ್ದು. ಅಂದ್ರೆ ತಾಯಿ, ಇಲ್ಲಾ ಮಗಳು, ಇವರಿಬ್ಬರಲ್ಲೇ ಹಿಂಗೆ ಬರೋದು."

"ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷ ಆತು ಡಾಕ್ಟ್ರೆ."

ಕಸ್ತೂರಮ್ಮನಿಗೆ ಇರುವ ಮಗಳು ಒಬ್ಬಳೇ.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ. ಗಣೇಶ ಅಂಗಡಿಗೆ ಹೋಗಿದ್ದ. ಪಡಸಾಲೆಯ ಚಾಪೆಯ ಮೇಲೆ ಕೂತು ಕಸ್ತೂರಮ್ಮ ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅಂಗೈಗೆ ಬೂದಿ ಸವರಿಕೊಂಡು, ಹತ್ತಿ ಎಳೆದು, ತೊಡೆಯ ಮೇಲೆ ಒಂದು ಉಜ್ಜು. ಬತ್ತಿ ಹೊರಬೀಳುತ್ತಿತ್ತು. ಬಾಯಲ್ಲಿ ಯಾವುದೋ ಸ್ತೋತ್ರ ತನ್ನಷ್ಟಕ್ಕೆ ನಡೆದಿತ್ತು. ವಾಣಿಶ್ರೀಯನ್ನು ಕಂಡು ಅದನ್ನು ಅರ್ಧಕ್ಕೆ ನಿಲ್ಲಿಸದೆ ಚರಣ ಮುಗಿಸಿಯೇ ಮಾತಾಡಿದಳು.

"ಬರ್ರಿ, ಕೂಡ್ರಿ. ಮತ್ತೇನು ತಂದ್ರಿ? ನಮ್ಮ ಗಣೇಶಂಗೆ ಬುದ್ಧಿ ಇಲ್ಲ. ವರದಿ ಕೆಟ್ಟದ್ದು ಬಂದ್ರೆ ಅಳ್ತಾರೆ, ಇವನು ಒಳ್ಳೇದು ಬಂತು ಅಂತ ಅಳ್ತಾನೆ."

"ಕೀರ್ತನಾ, ಒಂಚೂರು ಚಾ ಮಾಡ್ತೀಯೇನಮ್ಮ?" ಎಂದಳು ವಾಣಿಶ್ರೀ. ನೀರು ತಂದಿಟ್ಟ ಹುಡುಗಿ ಫೋನಿನ ಮೇಲೆ ಬೆರಳಾಡಿಸುತ್ತ ಅಡುಗೆಮನೆಗೆ ಹೋದಳು. ಒಲೆ ಹತ್ತಿದ ಸದ್ದು ಕೇಳುವವರೆಗೆ ವಾಣಿಶ್ರೀ ಕಾದಳು.

"ಕಸ್ತೂರಮ್ಮಾರೆ, ನಿಮ್ಮ ಹೆಸರಿನ ಟ್ಯೂಬಿನಾಗೆ ಇರೋದು ನಿಮ್ಮ ಗಂಟಲ್ಲ."

ಹತ್ತಿ ಎಳೆಯುತ್ತಿದ್ದ ಕೈ ನಿಲ್ಲಲಿಲ್ಲ.

"ಯಾರದ್ದೋ ಆಗಿರ್ಬಹುದು ಬಿಡ್ರಿ. ಆಸ್ಪತ್ರೆಯಾಗೆ ಅದಲುಬದಲು ಆಗ್ತಿರ್ತವೆ."

"ನಿಮ್ಮ ಮಗಳದ್ದು."

ಈಗ ನಿಂತಿತು. ಬತ್ತಿ ಅರ್ಧ ಹೊಸೆದದ್ದು ತೊಡೆಯ ಮೇಲೆಯೇ ಉಳಿಯಿತು. ಕಸ್ತೂರಮ್ಮ ಅಡುಗೆಮನೆಯ ಕಡೆ ನೋಡಿ, ಬೀದಿ ಬಾಗಿಲ ಕಡೆ ನೋಡಿ, ಮತ್ತೆ ಹತ್ತಿಗೆ ಕೈ ಹಾಕಿದಳು.

"ಹಬ್ಬದ ಮೇಲೆ ಕೀರ್ತನಾ ಎಲ್ಲಿಗೆ ಹೋಗಿದ್ಲು?"

"ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ. ಅವಳ ಚಿಕ್ಕಮ್ಮನ ಜತೆ. ಹರಕೆ ಇತ್ತು."

"ಅಜ್ಜಯ್ಯನ ಹೆಸರು ಮುಂದಿಟ್ಕೊಂಡು ಹೇಳ್ತಾ ಇದ್ದೀರಿ. ನೋಡ್ಕೊಂಡು ಹೇಳ್ರಿ."

ಅಷ್ಟು ಸಾಕಾಯಿತು. ಪೊಲೀಸರ ಹೆಸರು ಹೇಳಿದ್ದರೂ ಬಗ್ಗದ ಮುದುಕಿ ಆ ಹೆಸರಿಗೆ ಬಗ್ಗಿದಳು. ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.

"ಹೋಗಿದ್ದು ಸುಳ್ಳಲ್ಲ. ಅಜ್ಜಯ್ಯನ ಮುಂದೆ ನಿಂತು ಬಂದ್ಲು. ಬರ್ತಾ ಆಸ್ಪತ್ರೆಗೆ ಹೋದ್ಲು. ಇಷ್ಟೇ ಇಷ್ಟು ಗಂಟು ತಾಯೀ, ಕಡಲೆಕಾಳಿನಷ್ಟು. ಅಂಬಿಕಾ ಕೈಗೆ ಸಿಕ್ಕಿತ್ತು. ಗಣೇಶಂಗೂ ಹೇಳಿಲ್ಲ. ಗಂಡಸರ ಹೊಟ್ಟೆಯಾಗೆ ಮಾತು ನಿಲ್ಲಲ್ಲ."

"ಡಾಕ್ಟ್ರು ಮುಂದಿನ ಚಿಕಿತ್ಸೆ ಅನ್ಲಿಲ್ವೇ?"

"ಅಂದ್ರು. ಮದ್ವೆ ಆಗ್ಲಿ ಅಂದೆ."

"ಮತ್ತೆ ನಿಮ್ಮದು?"

"ತಾಯಿಗೂ ಐತೆ, ಮಗಳಿಗೂ ಐತೆ ಅಂದ್ರೆ ಯಾವ ಮನೆಯೋರು ಒಳಗೆ ಕರ್ಕೊಂತಾರೆ ಹೇಳ್ರಿ. ನನಗೆ ಬಂದಿದ್ದು ಬೀಗರಿಗೆ ಗೊತ್ತಾತು. ಅದನ್ನ ಮುಚ್ಚೋಕಾಗ್ಲಿಲ್ಲ. ವರದಿ ಒಳ್ಳೇದು ಬಂತು ಅಂತ ಸುಮ್ಮನಾದ್ರು. ಈಗ ಆ ವರದಿ ನನ್ನದಲ್ಲ ಅಂದ್ರೆ, ಯಾರದ್ದು ಅಂತ ಕೇಳಲ್ವಾ?"

"ನಿಮಗೆ ಮೊದಲೇ ಗೊತ್ತಿತ್ತು."

"ಅಂಬಿಕಾ ಅವತ್ತೇ ಹೇಳಿದ್ಲು. ಹುಡುಗ ಚೂರು ಬೇಕು ಅಂತ ಅಂಗಲಾಚಿದ, ಇವಳದ್ದನ್ನೇ ಕೊಟ್ಟೆ, ಅವನಿಗೆ ತಿಳೀದು ಅಂದ್ಲು. ಬೈದೆ. ಆಮೇಲೆ ವರದಿ ಬಂತು, ಕಡಿಮೆ ಅಂತ." ಕಸ್ತೂರಮ್ಮನ ಮುಖ ಒಂದು ಕ್ಷಣ ತಿಳಿಯಾಯಿತು. "ಗಣೇಶ ನನಗೆ ಓದಿ ಹೇಳ್ದ. ನಾನು ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ದೆ. ನನ್ನ ಮಗಳದ್ದು ಹರಡಲ್ಲ. ಅಷ್ಟು ಸಾಕು. ನನ್ನದು ಏನೋ, ಮಾಘ ಕಳೀಲಿ, ನೋಡೋಣ."

"ಗಂಟು ಪಂಚಾಂಗ ನೋಡ್ಕೊಂಡು ಕೂರಲ್ಲ ಕಸ್ತೂರಮ್ಮಾರೆ. ನಿಮ್ಮದು ಎಂಥದ್ದು ಅಂತ ಯಾರೂ ನೋಡೇ ಇಲ್ಲ. ಕೆಟ್ಟದ್ದೇ ಇದ್ರೆ ಮಾಘದ ಹೊತ್ತಿಗೆ ಔಷಧಿಗೆ ಕೆಲಸ ಇರಲ್ಲ."

"ಧಾರೆ ಎರೆಯೋಕೆ ಎರಡು ಕೈ ಇದ್ರೆ ಆತು."

ಕಸ್ತೂರಮ್ಮ ಬತ್ತಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ವಾಣಿಶ್ರೀಯ ಮೊಣಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

"ನೀವು ಹೆಣ್ಣುಮಗಳು. ಗಣೇಶಂಗೆ ಏನು ಬೇಕಾದ್ರೂ ಹೇಳ್ಕೋರಿ. ಅಶ್ವಥ್‌ಗೆ ಮಾತ್ರ ತಿಳೀಬಾರದು. ಒಳ್ಳೆ ಹುಡುಗ. ತಿಳಿದ್ರೆ ಅವನು ಬಿಡಲ್ಲ, ಅವನ ಮನೆಯೋರು ಬಿಡಿಸ್ತಾರೆ. ಇಷ್ಟು ನಡೆಸಿಕೊಡ್ರಿ."

ವಾಣಿಶ್ರೀಗೆ ಒಂದು ಗಳಿಗೆ ಅವನ ಮೇಲೆ ಕನಿಕರ ಬಂತು. ತನ್ನ ಕೈಯಾರೆ ಪರೀಕ್ಷೆ ಮಾಡಿದ ಚೂರು ತನ್ನ ಹೆಂಡತಿಯಾಗುವವಳದ್ದು ಎಂದು ಅರಿಯದ ಹುಡುಗ.

"ಅಮ್ಮ."

ಕೀರ್ತನಾ ಚಹದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಅವರಿಗೆ ಗೊತ್ತೈತೆ."

"ಯಾರಿಗೆ?"

"ಇವರಿಗೆ. ಅಶ್ವಥ್‌ಗೆ. ಗಂಟು ಐತೆ ಅಂತ ನಾನು ಮೊದಲು ಹೇಳಿದ್ದೇ ಅವರಿಗೆ. ಅವತ್ತು ಆಸ್ಪತ್ರೆ ಹಿಂದಿನ ಬಾಗಿಲಾಗೆ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ರು. ಚಿಕ್ಕಮ್ಮ ಚೂರನ್ನ ಅವರ ಕೈಗೇ ಕೊಟ್ರು. ಕೀರ್ತನಾ, ನಿನ್ನ ಹೆಸರಿನಾಗೇ ಪರೀಕ್ಷೆ ಮಾಡ್ತೀನಿ, ನನಗೆ ಗೊತ್ತು ಅಂತ ಅಮ್ಮಂಗೆ ಹೇಳ್ಬ್ಯಾಡ, ನೊಂದ್ಕೊಂತಾರೆ ಅಂದ್ರು."

ಕಸ್ತೂರಮ್ಮ ವಾಣಿಶ್ರೀಯ ಮೊಣಕೈ ಬಿಟ್ಟಳು.

"ಅವನಿಗೆ ಗೊತ್ತಿತ್ತು ಅಂದ್ರೆ, ನಾನು ಯಾರಿಗೆ ಹೆದರಿ ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ದೆ?"

ವಾಣಿಶ್ರೀ ಎದ್ದು ಹುಡುಗಿಯ ಕೈಯಿಂದ ಲೋಟ ಇಸಿದುಕೊಂಡಳು. ಬೆಳಗ್ಗೆ ಅಷ್ಟು ಸಲೀಸಾಗಿ ಬಂದ ಒಪ್ಪಿಗೆ ಈಗ ಅವಳ ನಾಲಿಗೆಗೆ ಕಹಿಯಾಗಿತ್ತು. ಒಂದು ತಪ್ಪನ್ನು ಧಾರಾಳವಾಗಿ ಒಪ್ಪಿಕೊಂಡದ್ದು ಇನ್ನೊಂದನ್ನು ಮುಚ್ಚಲು.

"ಪರೀಕ್ಷೆ ಮಾಡಿ ನಿನಗೆ ಏನು ಬಂತು ಅಂದ ಕೀರ್ತನಾ?"

"ಜಾಸ್ತಿ."

"ಏನಂದೆ?"

"ಜಾಸ್ತಿ ಬಂದೈತೆ ಅಂದ್ರು ಅಕ್ಕಾ. ಬಹಳ ಜಾಸ್ತಿ. ಹರಡ್ತದಂತೆ." ಹುಡುಗಿಯ ಕಣ್ಣು ತಾಯಿಯ ಮೇಲಿತ್ತು. "ಅಮ್ಮಂದು ಕಡಿಮೆ ಬಂತಲ್ಲ, ಅಷ್ಟಾದ್ರೂ ಆತು ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ."

ಒಂದೇ ಚೂರು. ಒಬ್ಬನೇ ಪರೀಕ್ಷೆ ಮಾಡಿದ್ದು. ತಾಯಿಗೆ ಒಂದು ಉತ್ತರ, ಮಗಳಿಗೆ ಇನ್ನೊಂದು. ಎರಡರಲ್ಲಿ ಯಾವುದು ನಿಜ ಎಂಬುದು ಅವನೊಬ್ಬನಿಗೇ ಗೊತ್ತು.

ಕಸ್ತೂರಮ್ಮ ಗೋಡೆ ಹಿಡಿದು ಎದ್ದಳು. ಮಡಿಲಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು. ಅದನ್ನು ದಾಟಿ ಬಂದು ಮಗಳ ಮುಂದೆ ನಿಂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮ ಡಾಕ್ಟ್ರಿಗೆ ಹೇಳ್ರಿ," ಎಂದಳು, ವಾಣಿಶ್ರೀಯ ಕಡೆ ತಿರುಗದೆ. "ನಾಳೆನೇ ಬರ್ತೀನಿ. ನನ್ನ ಹೆಸರಿಗೆ ನನ್ನದು, ಇವಳ ಹೆಸರಿಗೆ ಇವಳದ್ದು. ಮದ್ವೆ ಇದ್ರೆ ಇರ್ಲಿ, ಹೋದ್ರೆ ಹೋಗ್ಲಿ. ಕೀರ್ತನಾ, ಅಣ್ಣಂಗೆ ಫೋನ್ ಹಚ್ಚು."

"ಬ್ಯಾಡಮ್ಮ."

"ಯಾಕ?"

"ಮೇಡಂ ಬಂದಾರೆ ಅಂತ ನಾನು ಅವಾಗ್ಲೇ ಇವರಿಗೆ ಮೆಸೇಜ್ ಹಾಕ್ದೆ. ಅವರ ಹಿಂದೇನೇ ಹೊರಟೀನಿ, ಚಿಕ್ಕಮ್ಮನ್ನ ಕರ್ಕೊಂಡು ಬಂದು ಎಲ್ಲಾ ಹೇಳ್ತೀನಿ, ಅಲ್ಲೀತನ ಅಣ್ಣಂಗೆ ತಿಳಿಸ್ಬ್ಯಾಡ ಅಂದ್ರು."

"ಎಷ್ಟೊತ್ತಾತು?" ವಾಣಿಶ್ರೀ ಕೇಳಿದಳು.

ಕೀರ್ತನಾ ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲಿನ ಆಚೆ ಚಪ್ಪಲಿ ಬಿಡುವ ಸದ್ದಾಯಿತು. ಒಬ್ಬರದಲ್ಲ. ಇಬ್ಬರದು.